ತುಟಿ ಸುನ್ನ ಆಗ್ಯಾದ.. (ಮೇಲ್ದವಡೆಯ ಆಪರೇಷನ್ ಬಗ್ಗೆ ಒಂದಿಷ್ಟು ಇತಿಹಾಸ)

ಬಸವಕಲ್ಯಾಣ ಅಂದ ಕೂಡಲೇ ಎಲ್ಲರಿಗೂ ನೆನಪಾಗುವುದು ಬಸವಣ್ಣನವರು, ಅನುಭವ ಮಂಟಪ, ಶರಣರು. ಸಹಜವೇ ಬಿಡಿ. ಆದರೆ ಶರಣರ ಕಾಲಕ್ಕಿಂತ ಸುಮಾರು ಅರ್ಧ ಶತಮಾನ ಮುಂಚೆ ಇದೇ ಕಲ್ಯಾಣದಲ್ಲಿ ಇನ್ನೊಂದು ದೊಡ್ಡ ಪುಸ್ತಕ ಹುಟ್ಟಿತು. ಚಾಲುಕ್ಯ ಆರನೇ ವಿಕ್ರಮಾದಿತ್ಯನ (1076-1126) ಆಳ್ವಿಕೆಯಲ್ಲಿ ವಿಜ್ಞಾನೇಶ್ವರ ಎಂಬ ಪಂಡಿತ ಯಾಜ್ಞವಲ್ಕ್ಯ ಸ್ಮೃತಿಗೆ ಬರೆದ ವ್ಯಾಖ್ಯಾನ, 'ಮಿತಾಕ್ಷರ'. ಅಪ್ಪನ ಆಸ್ತಿಯಲ್ಲಿ ಮಕ್ಕಳಿಗೆ ಹುಟ್ಟಿನಿಂದಲೇ ಹಕ್ಕು ಅನ್ನುವ ವಾದಕ್ಕೆ ಬ್ರಿಟಿಷರ ಕಾಲದ ಕೋರ್ಟುಗಳಲ್ಲೂ ವಕೀಲರು ಕೈಗೆತ್ತಿಕೊಳ್ಳುತ್ತಿದ್ದದ್ದು ಈ ಪುಸ್ತಕವನ್ನೇ. ವಕೀಲರಿಗೆ ಆಸ್ತಿಯ ಭಾಗ ಮಾತ್ರ ಬೇಕಿತ್ತು, ಹಾಗಾಗಿ ಉಳಿದದ್ದನ್ನು ಓದುವವರು ಕಡಿಮೆ.

ನಾನು ಓದಿದ್ದು ಉಳಿದದ್ದರಲ್ಲಿ ಒಂದು ಚೂರು. ದಂಡಪಾರುಷ್ಯ, ಅಂದರೆ ಹೊಡೆದಾಟದ ಪ್ರಕರಣ. ಒಬ್ಬರ ಮೈಮೇಲೆ ಬೂದಿ, ಕೆಸರು, ಧೂಳು ಎರಚಿದರೆ 10 ಪಣ ದಂಡ. ಕೈ, ಕಾಲು, ಹಲ್ಲು ಮುರಿದರೆ, ಕಿವಿ ಮೂಗು ಕೊಯ್ದರೆ ಮಧ್ಯಮ ದಂಡ. ಓಡಾಡಲು, ಊಟ ಮಾಡಲು, ಮಾತಾಡಲು ಆಗದ ಹಾಗೆ ಗಾಯ ಮಾಡಿದರೂ ಅಷ್ಟೇ. ಯಾಜ್ಞವಲ್ಕ್ಯನ ಲೆಕ್ಕದಲ್ಲಿ ದೊಡ್ಡ ದಂಡ 1080 ಪಣ, ಮಧ್ಯಮ ಅದರ ಅರ್ಧ, 540. ಹಲ್ಲು ಉದುರಿಸಿದವನು 540 ಪಣ ಎಣಿಸಿಕೊಡಬೇಕು!

ಈ ಪಟ್ಟಿಯನ್ನು ಎರಡು ಮೂರು ಸಲ ಓದಿದ ಮೇಲೆ ಒಂದು ವಿಷಯ ಕಣ್ಣಿಗೆ ಬಿತ್ತು. ಇದರಲ್ಲಿ ಇರುವುದೆಲ್ಲ ಬೇರೆಯವರಿಗೆ ಕಾಣುವ ನಷ್ಟ. ಮುರಿದದ್ದು ಕಾಣುತ್ತದೆ, ಕೊಯ್ದದ್ದು ಕಾಣುತ್ತದೆ, ಉಣ್ಣಲಾರದೆ ಕುಳಿತವನೂ ಕಾಣುತ್ತಾನೆ. ಮುಖ ನೋಡಲು ಸರಿಯಾಗಿದೆ, ಊಟ ಮಾತು ಎಲ್ಲಾ ನಡೆದಿದೆ, ಆದರೆ ತುಟಿಗೆ ಮುಟ್ಟಿದ್ದು ಗೊತ್ತಾಗುತ್ತಿಲ್ಲ. ಅಂಥ ನಷ್ಟಕ್ಕೆ ಎಷ್ಟು ಪಣ? ಪಟ್ಟಿಯಲ್ಲಿ ಅದಕ್ಕೆ ಜಾಗವೇ ಇಲ್ಲ.

ನನಗೆ ಈ ಪ್ರಶ್ನೆ ಬರಲು ಕಾರಣ ನನ್ನ ಅಕ್ಕನ ಮಗಳು. ಹುಮನಾಬಾದಿನಲ್ಲಿ ಬೆಳೆದ ಹುಡುಗಿ. ಅವಳ ಮೇಲ್ದವಡೆ ಸ್ವಲ್ಪ ಉದ್ದ, ಮುಂದಕ್ಕೂ ಬಂದಿತ್ತು. ನಕ್ಕರೆ ಒಸಡು ಪೂರ್ತಿ ಕಾಣುತ್ತಿತ್ತು, ತುಟಿ ತಾನಾಗಿ ಕೂಡುತ್ತಿರಲಿಲ್ಲ. ಶಾಲೆಯಲ್ಲಿ ಅವಳಿಗೆ ಏನೇನು ಹೆಸರಿಟ್ಟಿದ್ದರು ಅನ್ನುವುದು ಇಲ್ಲಿ ಬೇಡ. ಹಲ್ಲಿಗೆ ಒಂದೂವರೆ ವರ್ಷ ತಂತಿ ಹಾಕಿಸಿಕೊಂಡು ಆಮೇಲೆ ದೊಡ್ಡ ಊರಿನ ಒಂದು ಆಸ್ಪತ್ರೆಯಲ್ಲಿ ಆಪರೇಷನ್ ಮಾಡಿಸಿಕೊಂಡಳು. ಮೂರು ವಾರ ಆದ ಮೇಲೆ ಫೋನಿನಲ್ಲಿ ಹೇಳಿದ್ದು: "ಮಾಮಾ, ಮ್ಯಾಲಿನ ತುಟಿ ಸುನ್ನ ಆಗ್ಯಾದ. ಚಾ ಕುಡದ್ರ ಬಸಿ ತುಟಿಗೆ ಹತ್ಯಾದೋ ಇಲ್ಲೋ ತಿಳಿವಲ್ದು. ಹಿಂಗೇ ಇರ್ತದೇನು?"

ಅದಕ್ಕಿಂತ ಹೆಚ್ಚು ಹೆದರಿದ್ದು ನಮ್ಮ ಅವ್ವ. ಅವಳ ಹೆದರಿಕೆಗೆ ಕಾರಣ ಬೇರೆ. ನಮ್ಮ ಕಡೆ ಊರೂರಿನ ಗೋಡೆ ಮೇಲೆ ಒಂದು ಕಾಲದಲ್ಲಿ ಆರೋಗ್ಯ ಇಲಾಖೆಯವರು ಬರೆಸುತ್ತಿದ್ದದ್ದು ನಿಮಗೂ ನೆನಪಿರಬಹುದು.. ಮೈಮೇಲೆ ಮಚ್ಚೆ ಇದ್ದು ಅಲ್ಲಿ ಸ್ಪರ್ಶ ಗೊತ್ತಾಗದಿದ್ದರೆ ಕುಷ್ಠ ಇರಬಹುದು, ಬಂದು ತೋರಿಸಿ ಅಂತ. 1983ರಲ್ಲಿ ಶುರುವಾದ ರಾಷ್ಟ್ರೀಯ ಕುಷ್ಠರೋಗ ನಿರ್ಮೂಲನಾ ಕಾರ್ಯಕ್ರಮದ ಪ್ರಚಾರ ಅದು. ಒಳ್ಳೆಯ ಕೆಲಸವನ್ನೇ ಮಾಡಿತು. 2005ರ ಡಿಸೆಂಬರ್ ಹೊತ್ತಿಗೆ ದೇಶದಲ್ಲಿ ರೋಗ 10 ಸಾವಿರಕ್ಕೆ ಒಂದಕ್ಕಿಂತ ಕಡಿಮೆಗೆ ಇಳಿಯಿತು. ಆದರೆ ಅವ್ವನಂಥವರ ತಲೆಯಲ್ಲಿ 'ಸ್ಪರ್ಶ ಇಲ್ಲ' ಅನ್ನುವ ಮಾತು ಆ ಒಂದು ರೋಗದ ಜೊತೆಗೇ ಅಂಟಿಕೊಂಡು ಉಳಿಯಿತು. ಇನ್ನು ನೆರೆಮನೆಯವರು ಲಕ್ವಾ ಹೊಡೆದಿದೆ ಅಂದರಂತೆ. ಎರಡೂ ಅಲ್ಲ.

ಲಕ್ವಾ ಯಾಕಲ್ಲ ಅಂತ ಹೇಳಲು ಒಂದು ಕತ್ತೆಯ ಕಥೆ ಹೇಳಬೇಕು. ಮುಖಕ್ಕೆ ಎರಡು ಬೇರೆ ಬೇರೆ ನರಗಳಿವೆ. ಮುಟ್ಟಿದ್ದನ್ನು ತಿಳಿಸುವುದು ಮಿದುಳಿನಿಂದ ಬರುವ ಐದನೇ ನರ, ಸ್ನಾಯುಗಳನ್ನು ಆಡಿಸುವುದು ಏಳನೆಯದು. 1821ರಲ್ಲಿ ಲಂಡನ್ನಿನ ಚಾರ್ಲ್ಸ್ ಬೆಲ್ ಇದನ್ನು ಬಿಡಿಸಲು ಹೊರಟು ಒಂದು ಕತ್ತೆಯ ಮುಖದಲ್ಲಿ ಐದನೇ ನರದ ಮೇಲ್ದವಡೆಯ ಕವಲನ್ನು ಕತ್ತರಿಸಿದ. ಕಣ್ಣಿನ ಕೆಳಗೆ ಮೂಳೆಯ ಒಂದು ಸಣ್ಣ ತೂತಿನಿಂದ ಹೊರಬಂದು ಕೆನ್ನೆ, ಮೂಗಿನ ಪಕ್ಕ, ಮೇಲ್ತುಟಿಗೆ ಹರಡುವ ನರ ಅದು. ಕತ್ತರಿಸಿದ ಮೇಲೆ ಮೂಗಿನ ಹೊಳ್ಳೆ ಮೊದಲಿನಂತೆಯೇ ಆಡುತ್ತಿತ್ತು, ಆದರೆ ಕತ್ತೆ ಆ ಪಕ್ಕದ ತುಟಿಯಿಂದ ಕಾಳು ಎತ್ತಿಕೊಳ್ಳುತ್ತಿರಲಿಲ್ಲ. ತಿನ್ನಲು ಬೇಕಾದ ಚಲನೆಯೇ ಹೋಯಿತು ಅಂದುಕೊಂಡ ಬೆಲ್. ಮರುವರ್ಷ ಹರ್ಬರ್ಟ್ ಮೇಯೋ ಅನ್ನುವ ಇನ್ನೊಬ್ಬ ವೈದ್ಯ ಅದನ್ನು ತಿದ್ದಿದ: ತುಟಿಗೆ ಶಕ್ತಿ ಇದೆ ಮಾರಾಯ, ಕಾಳು ತಾಗಿದ್ದೇ ಅದಕ್ಕೆ ಗೊತ್ತಾಗುತ್ತಿಲ್ಲ, ಅದಕ್ಕೇ ಎತ್ತುತ್ತಿಲ್ಲ! (ಮಾರಾಯ ಅಂದದ್ದು ನಾನು, ಮೇಯೋ ಅಲ್ಲ :-) )

ಪಾಪ, ಕತ್ತೆ. ಆದರೆ ನನ್ನ ಸೊಸೆಯ ಬಸಿಯ ಸಮಸ್ಯೆಯೂ ಅಕ್ಷರಶಃ ಇದೇ ನರದ್ದು, ಇದೇ ಕವಲಿನದ್ದು. ತುಟಿ ಆಡುತ್ತದೆ, ಸೀಟಿ ಹೊಡೆಯಬಹುದು, ನಗಬಹುದು. ತಾಗಿದ್ದು ತಿಳಿಯದು, ಅಷ್ಟೇ. ಬೆಲ್‌ಗೆ ಗೊಂದಲವಾದ ವಿಷಯದಲ್ಲಿ ನಮ್ಮ ನೆರೆಮನೆಯವರಿಗೆ ಗೊಂದಲವಾದರೆ ಬೈಯುವ ಹಾಗಿಲ್ಲ.

ಈಗ ಆಪರೇಷನ್‌ಗೆ ಬರೋಣ. ನಮ್ಮಲ್ಲಿ ಮುಖದ ಶಸ್ತ್ರಚಿಕಿತ್ಸೆ ಅಂದರೆ ಸುಶ್ರುತನಿಂದ ಶುರು ಮಾಡುವುದು ರೂಢಿ. ಮೂಗಿನ ವಿಷಯಕ್ಕೆ ಅದು ಸರಿ. ಮೇಲ್ದವಡೆಯನ್ನು ಬುಡದಿಂದ ಬಿಡಿಸಿ ಸರಿಸುವ ಈ ಕೆಲಸಕ್ಕೆ ಅವನ ಹೆಸರನ್ನು ಎಳೆದು ತರುವುದು ನನಗೆ ಸರಿಕಾಣುವುದಿಲ್ಲ. ಇದು ಹುಟ್ಟಿದ್ದು 19ನೇ ಶತಮಾನದಲ್ಲಿ, ಅದೂ ಚೆಂದಕ್ಕಾಗಿ ಅಲ್ಲ. 1859ರಲ್ಲಿ ಜರ್ಮನಿಯ ಲಾಂಗೆನ್‌ಬೆಕ್, 1867ರಲ್ಲಿ ಬಾಸ್ಟನ್ನಿನ ಡೇವಿಡ್ ಚೀವರ್, ಇಬ್ಬರೂ ಮೇಲ್ದವಡೆಯ ಮೂಳೆ ಕೊಯ್ದದ್ದು ಮೂಗಿನ ಹಿಂಬದಿಗೆ ದಾರಿ ಮಾಡಿಕೊಳ್ಳಲು. ಅಲ್ಲಿ ಬೆಳೆದ ಗಡ್ಡೆ ತೆಗೆಯಬೇಕಿತ್ತು. ದವಡೆ ಅವರಿಗೆ ಒಂದು ಬಾಗಿಲು. ಕೆಲಸ ಮುಗಿದ ಮೇಲೆ ಬಾಗಿಲು ಮುಚ್ಚಿದರಾಯಿತು. ರೋಗಿ ಬದುಕಿದರೆ ಸಾಕು ಅನ್ನುವ ಕಾಲ. ನಿಮ್ಮ ತುಟಿ ಹೇಗಿದೆ ಅಂತ ಯಾರು ಕೇಳುತ್ತಾರೆ?

ಆ ಕಾಲಕ್ಕೆ ನಮ್ಮ ಸೀಮೆಯೂ ಈ ಕಥೆಯೊಳಗೆ ಬರುತ್ತದೆ. ಬಾಯೊಳಗೆ ಮೂಳೆ ಕೊಯ್ಯಬೇಕಾದರೆ ಮೊದಲು ಮನುಷ್ಯ ಮಲಗಬೇಕು, ಮಲಗಿದವನು ಏಳಲೂ ಬೇಕು. ಕ್ಲೋರೊಫಾರಂ ಕೊಟ್ಟಾಗ ಕೆಲವರು ಮೇಜಿನ ಮೇಲೇ ಸಾಯುತ್ತಿದ್ದರು. ಉಸಿರು ನಿಂತು ಸಾಯುತ್ತಾರೋ ಹೃದಯ ನಿಂತೋ ಅನ್ನುವುದು ಯುರೋಪಿನಲ್ಲಿ ದೊಡ್ಡ ಜಗಳ. ಅದನ್ನು ತೀರ್ಮಾನಿಸಲು ಹೊರಟದ್ದು ಎಲ್ಲಿ ಗೊತ್ತೇ? ಹೈದರಾಬಾದಿನಲ್ಲಿ. ಆಗ ಕಲ್ಯಾಣಿ, ಹುಮನಾಬಾದ್ ಎರಡೂ ನಿಜಾಮರ ರಾಜ್ಯದ್ದೇ. ಕಲ್ಯಾಣಿಯಂತೂ ನವಾಬರ ಜಾಗೀರು (ಹೈದರಾಬಾದಿನ 'ಕಲ್ಯಾಣಿ ಬಿರಿಯಾನಿ' ಇವರ ಹೆಸರಿನದೇ, ಮುಂದೆ ಎಂದಾದರೂ ಬರೆಯುತ್ತೇನೆ). ರೆಸಿಡೆನ್ಸಿ ಸರ್ಜನ್ ಎಡ್ವರ್ಡ್ ಲಾರಿ 1888ರಲ್ಲಿ ಮೊದಲ ಕ್ಲೋರೊಫಾರಂ ಆಯೋಗ ನಡೆಸಿದ. ಲಂಡನ್ನಿನ 'ಲ್ಯಾನ್ಸೆಟ್' ಪತ್ರಿಕೆ ನಂಬಲಿಲ್ಲ. 1889ರಲ್ಲಿ ಎರಡನೆಯ ಆಯೋಗಕ್ಕೆ ಆರನೇ ನಿಜಾಮ ಮಹಬೂಬ್ ಅಲಿ ಖಾನ್ ಹಣ ಕೊಟ್ಟ. ಲ್ಯಾನ್ಸೆಟ್ ಪರವಾಗಿ ಲಾಡರ್ ಬ್ರಂಟನ್ ಹಡಗು ಹತ್ತಿ ಬಂದ. ನೂರಾರು ನಾಯಿ, ಮಂಗಗಳ ಮೇಲೆ ಪ್ರಯೋಗ ಮಾಡಿ, ಕ್ಲೋರೊಫಾರಂ ನೇರವಾಗಿ ಹೃದಯಕ್ಕೆ ಕೈ ಹಾಕುವುದಿಲ್ಲ, ಉಸಿರು ನೋಡಿಕೊಂಡರೆ ಸಾಕು ಅಂದರು. ಇದು ತಪ್ಪು ತೀರ್ಮಾನ. 1911ರಲ್ಲಿ ಗುಡ್‌ಮನ್ ಲೆವಿ ಬೆಕ್ಕುಗಳ ಮೇಲೆ ಪ್ರಯೋಗ ಮಾಡಿ ಹೃದಯವೇ ಅದುರಿ ನಿಲ್ಲಬಲ್ಲದು ಎಂದು ತೋರಿಸಿದ. ಆದರೂ ಉಸಿರಿನ ಮೇಲೆ ಕಣ್ಣಿಡಿ ಅನ್ನುವ ಪಾಠ ಉಳಿದುಕೊಂಡಿತು. ಲಾರಿಯ ಕೈಕೆಳಗೆ ಕಲಿತ ಹೈದರಾಬಾದಿನ ಪಾರ್ಸಿ ಮಹಿಳೆ ರೂಪಾಬಾಯಿ ಫರ್ದೂನ್‌ಜಿಯವರನ್ನು ಜಗತ್ತಿನ ಮೊದಲ ಮಹಿಳಾ ಅರಿವಳಿಕೆ ವೈದ್ಯೆ ಎಂದು ಹಲವರು ಗುರುತಿಸುತ್ತಾರೆ. ನಮ್ಮ ಶಾಲಾ ಪುಸ್ತಕದಲ್ಲಿ ಅವರ ಹೆಸರು ನಾನಂತೂ ಕಂಡಿಲ್ಲ.

ಬಾಯಿಯ ಆಪರೇಷನ್‌ಗೆ ಇನ್ನೊಂದು ತೊಡಕಿತ್ತು. ಕ್ಲೋರೊಫಾರಂ ಮುಸುಕು ಹಾಕಬೇಕಾದದ್ದು ಮುಖಕ್ಕೇ, ಕೊಯ್ಯಬೇಕಾದದ್ದೂ ಮುಖವನ್ನೇ. ಮೊದಲ ಮಹಾಯುದ್ಧ ಮುಗಿದ ಹೊತ್ತಿಗೆ ಇಂಗ್ಲೆಂಡಿನ ಸಿಡ್‌ಕಪ್‌ನಲ್ಲಿ, ಮುಖ ಛಿದ್ರವಾದ ಸೈನಿಕರ ಆಸ್ಪತ್ರೆಯಲ್ಲಿ, ಮ್ಯಾಗಿಲ್ ಮತ್ತು ರೋಬೋಥಮ್ ಶ್ವಾಸನಾಳಕ್ಕೇ ನಳಿಗೆ ಇಳಿಸುವುದನ್ನು ರೂಢಿಗೆ ತಂದರು. ಇವತ್ತಿಗೂ ಈ ಆಪರೇಷನ್‌ಗೆ ಮೂಗಿನ ಮೂಲಕವೇ ನಳಿಗೆ ಹಾಕುವುದು.

ಎಲ್ಲಿ ಕೊಯ್ಯಬೇಕು ಅನ್ನುವ ಗೆರೆ ಕೊಟ್ಟವನು ಫ್ರಾನ್ಸಿನ ಲಿಲ್ ಊರಿನ ರೆನೆ ಲ ಫೋರ್. ಹೆಣಗಳ ತಲೆಗೆ ದೊಣ್ಣೆಯಿಂದ ಹೊಡೆದು, ಮೇಜಿನ ಅಂಚಿಗೆ ಅಪ್ಪಳಿಸಿ, ಆಮೇಲೆ ಚರ್ಮ ಬಿಡಿಸಿ ಮೂಳೆ ಎಲ್ಲೆಲ್ಲಿ ಬಿರಿದಿದೆ ಅಂತ ನೋಡಿದ. ಓದಲು ಮೈ ಜುಂ ಅನ್ನುತ್ತದೆ. 1901ರಲ್ಲಿ ಅವನು ಬರೆದದ್ದು ಇಷ್ಟು: ಪೆಟ್ಟು ಎಲ್ಲೇ ಬೀಳಲಿ, ಮೇಲ್ದವಡೆ ಮನಬಂದಂತೆ ಒಡೆಯುವುದಿಲ್ಲ, ಮೂರು ಮುಖ್ಯ ಗೆರೆಗಳಲ್ಲಿ ಒಡೆಯುತ್ತದೆ. ಎಲ್ಲಕ್ಕಿಂತ ಕೆಳಗಿನದು ಹಲ್ಲಿನ ಬೇರುಗಳ ಮೇಲೆ, ಮೂಗಿನ ಬುಡದಿಂದ ಹಿಂದಕ್ಕೆ ಅಡ್ಡಲಾಗಿ ಹೋಗುವ ಗೆರೆ. ಅದೇ 'ಲ ಫೋರ್ ಒಂದು'. ಪೆಟ್ಟಿನಲ್ಲಿ ಒಡೆಯುವ ಗೆರೆಯನ್ನೇ ಮುಂದೆ ಸರ್ಜನ್ನರು ಬೇಕೆಂದೇ ಕೊಯ್ಯತೊಡಗಿದರು. 1927ರಲ್ಲಿ ವಾಸ್‌ಮುಂಡ್ ಮುಂಬಾಯಿ ಕೂಡದ ಒಬ್ಬ ರೋಗಿಗೆ ಈ ಗೆರೆಯಲ್ಲಿ ಕೊಯ್ದ, ಆದರೆ ಪೂರ್ತಿ ಬಿಡಿಸುವ ಧೈರ್ಯ ಮಾಡದೆ ರಬ್ಬರಿನಿಂದ ನಿಧಾನಕ್ಕೆ ಎಳೆದ. 1934ರಲ್ಲಿ ಆಕ್ಸ್‌ಹೌಸೆನ್ ಪೂರ್ತಿ ಬಿಡಿಸಿದ.

ಎಲ್ಲರ ಭಯ ಒಂದೇ. ದವಡೆಯನ್ನು ಬುಡದಿಂದ ಬಿಡಿಸಿದರೆ ರಕ್ತ ಎಲ್ಲಿಂದ ಬರುತ್ತದೆ? ಕೊಳೆತು ಉದುರಿದರೆ? 1960ರ ದಶಕದಲ್ಲಿ ಜ್ಯೂರಿಕ್‌ನ ಹ್ಯೂಗೊ ಓಬ್‌ವೆಗೆಸರ್ (1920-2017) ದವಡೆಯನ್ನು ಪೂರ್ತಿ ಸಡಿಲಿಸಿ, ಬೇಕಾದಲ್ಲಿ ಎಳೆತವಿಲ್ಲದೆ ಕೂರಿಸಬಹುದೆಂದು ಮಾಡಿ ತೋರಿಸಿದ. 1966ರಲ್ಲಿ ಅಮೆರಿಕದ ವಾಲ್ಟರ್ ರೀಡ್ ಸೇನಾ ಆಸ್ಪತ್ರೆಯಲ್ಲಿ ಅವನು ಕೊಟ್ಟ ಉಪನ್ಯಾಸಗಳಿಂದ ಅಲ್ಲಿಯವರೂ ಎಚ್ಚೆತ್ತರು. ಆಮೇಲೆ ಟೆಕ್ಸಾಸಿನ ವಿಲಿಯಂ ಬೆಲ್ ಮಂಗಗಳಲ್ಲಿ ರಕ್ತನಾಳಗಳನ್ನು ನೋಡಿ, ಅಂಗುಳ ಮತ್ತು ಕೆನ್ನೆಯ ಮೆತ್ತನೆ ಭಾಗ ಅಂಟಿಕೊಂಡಿದ್ದರೆ ಸಾಕು, ದವಡೆ ಬದುಕುತ್ತದೆ ಎಂದು 1975ರ ಹೊತ್ತಿಗೆ ತೋರಿಸಿದ. ಮೊದಲು ತಂತಿಯಿಂದ ಕಟ್ಟಿ, ವಾರಗಟ್ಟಲೆ ಬಾಯಿ ಬಿಗಿದಿಡುತ್ತಿದ್ದರು. 1970ರ ದಶಕದಲ್ಲಿ ಫ್ರಾನ್ಸಿನ ಮಿಶೆಲೆ, ಶಾಂಪಿ ಮುಂತಾದವರಿಂದ ಸಣ್ಣ ಲೋಹದ ಪಟ್ಟಿಗಳು ಬಂದವು. ನನ್ನ ಸೊಸೆಯ ಮುಖದಲ್ಲೂ ಟೈಟಾನಿಯಂನ ನಾಲ್ಕು ಪಟ್ಟಿಗಳಿವೆ. ಆಪರೇಷನ್ ಆದ ಎರಡನೇ ವಾರಕ್ಕೆ ಗಂಜಿ, ಮೆತ್ತನೆ ಅನ್ನ ಉಣ್ಣುತ್ತಿದ್ದಳು.

ಇಷ್ಟು ಹೇಳಿದ್ದು ಯಾಕೆಂದರೆ, ಮರಗಟ್ಟುವುದು ಈ ಆಪರೇಷನ್ನಿನಲ್ಲಿ ಆಕಸ್ಮಿಕ ಅಲ್ಲ, ಆ ಗೆರೆಯಲ್ಲೇ ಬರೆದಿರುವಂಥದ್ದು. ಕೊಯ್ಯುವುದು ತುಟಿಯ ಒಳಗಿನಿಂದ, ಹೊರಗೆ ಒಂದು ಕಲೆಯೂ ಇಲ್ಲ. ಆದರೆ ಮೇಲಿನ ಹಲ್ಲು, ಒಸಡಿಗೆ ಹೋಗುವ ಸಣ್ಣ ನರಗಳು ಆ ಮೂಳೆಯ ಗೋಡೆಯೊಳಗೇ ಇಳಿಯುತ್ತವೆ. ಮೂಳೆ ಕೊಯ್ದರೆ ಅವೂ ತುಂಡಾಗಲೇಬೇಕು, ಬೇರೆ ದಾರಿಯಿಲ್ಲ. ಕಣ್ಣಿನ ಕೆಳಗಿನ ದೊಡ್ಡ ಕವಲನ್ನು, ಅದೇ ಕತ್ತೆಯದ್ದು, ಯಾರೂ ಕೊಯ್ಯುವುದಿಲ್ಲ. ಕೆನ್ನೆಯನ್ನು ಮೇಲಕ್ಕೆ ಎತ್ತಿ ಹಿಡಿಯುವಾಗ ಅದು ಎಳೆತಕ್ಕೆ ಸಿಗುತ್ತದೆ. ಇವೆರಡರ ವ್ಯತ್ಯಾಸ ಮುಖ್ಯ. 1943ರಲ್ಲಿ, ಯುದ್ಧದ ಗಾಯಾಳುಗಳನ್ನು ನೋಡುತ್ತಿದ್ದ ಹರ್ಬರ್ಟ್ ಸೆಡನ್ ನರದ ಪೆಟ್ಟನ್ನು ಮೂರು ಬಗೆಯಾಗಿ ವಿಂಗಡಿಸಿದ. ಕೆಲಸ ನಿಲ್ಲಿಸಿ ಸುಮ್ಮನೆ ಕುಳಿತ ನರ, ಒಳಗಿನ ಎಳೆ ಹರಿದು ಮೇಲಿನ ಹೊದಿಕೆ ಉಳಿದ ನರ, ಪೂರ್ತಿ ತುಂಡಾದ ನರ. ಮೊದಲನೆಯದು ವಾರಗಳಲ್ಲಿ ತಾನೇ ಏಳುತ್ತದೆ. ಎರಡನೆಯದು ದಿನಕ್ಕೆ ಸುಮಾರು ಒಂದು ಮಿಲಿಮೀಟರಿನಂತೆ ಬೆಳೆದುಕೊಂಡು ಬರುತ್ತದೆ. ಮೂರನೆಯದರ ಭರವಸೆ ಕೊಡುವುದು ಕಷ್ಟ.

ಹಾಗಾಗಿ ಕೆನ್ನೆ, ತುಟಿಯ ಸ್ಪರ್ಶ ಹೆಚ್ಚಿನವರಲ್ಲಿ ವಾರಗಳಿಂದ ಕೆಲವು ತಿಂಗಳುಗಳಲ್ಲಿ ಮರಳುತ್ತದೆ. ಒಸಡು, ಹಲ್ಲು, ಅಂಗುಳ ತಡ ಮಾಡುತ್ತವೆ, ಕೆಲವರಲ್ಲಿ ಪೂರ್ತಿ ಮರಳುವುದೂ ಇಲ್ಲ. ಕೆಳದವಡೆಯ ಆಪರೇಷನ್ ಆದವರ ಕೆಳತುಟಿಗೆ ಹೋಲಿಸಿದರೆ ಇದು ಎಷ್ಟೋ ವಾಸಿ. ಮರಳುವಾಗ ಮೊದಲು ಇರುವೆ ಹರಿದಂತೆ, ಜುಮುಜುಮು ಅಂತ ಶುರುವಾಗುತ್ತದೆ. ಅದು ಒಳ್ಳೆಯ ಲಕ್ಷಣ. ಇದನ್ನು ಯಾರಾದರೂ ಮೊದಲೇ ಹೇಳದಿದ್ದರೆ ಹೊಸ ರೋಗ ಬಂತು ಅಂತ ಜನ ಗಾಬರಿಯಾಗುತ್ತಾರೆ.

ಇನ್ನು ತೃಪ್ತಿಯ ಪ್ರಶ್ನೆ. ಸುಮಾರು ನೂರು ವರ್ಷ ವೈದ್ಯರು ಕೇಳಿದ್ದು ರೋಗಿ ಬದುಕಿದನೇ, ಆಮೇಲೆ ಕೇಳಿದ್ದು ದವಡೆ ಬದುಕಿತೇ, ಅದರ ನಂತರ ಎಕ್ಸ್‌ರೇ ಮೇಲೆ ಗೆರೆ ಎಳೆದು ಕೋನ ಸರಿಬಂತೇ ಅಂತ. ನಿಮಗೆ ಸಮಾಧಾನವಾಯಿತೇ ಅಂತ ವ್ಯವಸ್ಥಿತವಾಗಿ ಕೇಳಿದ್ದು ತೀರಾ ಈಚೆಗೆ. 1980ರ ದಶಕದಲ್ಲಿ ಅಮೆರಿಕದ ವಾಷಿಂಗ್ಟನ್ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞೆ ಅಸುಮನ್ ಕಿಯಾಕ್ ಮತ್ತು ಸಂಗಡಿಗರು ಇಂಥ ರೋಗಿಗಳನ್ನು ಆಪರೇಷನ್‌ಗೆ ಮೊದಲಿನಿಂದ ಹಿಡಿದು ಎರಡು ವರ್ಷದವರೆಗೆ ಮತ್ತೆ ಮತ್ತೆ ಮಾತಾಡಿಸಿದರು. 2000ದಲ್ಲಿ ಲಂಡನ್ನಿನ ಸೂಸನ್ ಕನಿಂಗ್‌ಹ್ಯಾಮ್ ಮತ್ತಿಬ್ಬರು 22 ಪ್ರಶ್ನೆಗಳ ಒಂದು ಪಟ್ಟಿ ಮಾಡಿದರು, ಈಗ ಬಹಳ ಕಡೆ ಅದನ್ನೇ ಬಳಸುತ್ತಾರೆ. ಪಕ್ಕದಿಂದ ನಿಮ್ಮ ಮುಖ ನೋಡಿಕೊಳ್ಳಲು ಇಷ್ಟವಿಲ್ಲವೇ, ಕಚ್ಚಲು ತೊಂದರೆಯೇ, ಹೊಸಬರ ಎದುರು ಬಾಯಿಗೆ ಕೈ ಅಡ್ಡ ಹಿಡಿಯುತ್ತೀರಾ.. ಇಂಥವು. ಬಾಯಿಗೆ ಕೈ ಅಡ್ಡ ಹಿಡಿಯುವ ಪ್ರಶ್ನೆ ಓದಿದಾಗ ನನಗೆ ನಮ್ಮ ಮನೆಯ ಫೋಟೋ ಆಲ್ಬಮ್ಮು ಕಣ್ಣಮುಂದೆ ಬಂತು. ಹತ್ತು ವರ್ಷದ ಮದುವೆ, ಜವಳ, ಜಾತ್ರೆ ಫೋಟೋಗಳಲ್ಲಿ ಈ ಹುಡುಗಿಯ ಬಲಗೈ ಬಾಯಿಯ ಮೇಲೆಯೇ ಇದೆ.

ವಿಚಿತ್ರವೆಂದರೆ ಆ 22ರಲ್ಲಿ ಮರಗಟ್ಟಿದ್ದರ ಬಗ್ಗೆ ಒಂದು ಪ್ರಶ್ನೆಯೂ ಇಲ್ಲ. ವಿಜ್ಞಾನೇಶ್ವರನ ಪಟ್ಟಿಯ ಹಾಗೆಯೇ! ದವಡೆಯ ತೊಂದರೆಗೆ ಮಾಡಿದ ಪಟ್ಟಿ ಅದು, ಚಿಕಿತ್ಸೆಯ ತೊಂದರೆಗಲ್ಲ ಅನ್ನುವುದು ಸರಿಯಾದ ಸಮಜಾಯಿಷಿಯೇ. ಆದರೂ ಅದರಲ್ಲಿ ಒಳ್ಳೆಯ ಅಂಕ ಬಂದರೆ 'ರೋಗಿ ತೃಪ್ತ' ಎಂದು ಬರೆದುಕೊಳ್ಳುವಾಗ ತುಟಿಯನ್ನು ಬೇರೆಯಾಗಿ ಕೇಳಬೇಕಾಗುತ್ತದೆ. ಬೇರೆಯಾಗಿ ಕೇಳಿದವರಿಗೆ ಸಿಕ್ಕ ಉತ್ತರ ಸಾಮಾನ್ಯವಾಗಿ ಒಂದೇ ತೆರನದು. ಅಲ್ಲಲ್ಲಿ ಮರಗಟ್ಟಿದೆ, ಆದರೂ ಮಾಡಿಸಿಕೊಂಡದ್ದು ಒಳ್ಳೆಯದೇ ಆಯಿತು ಅನ್ನುವವರೇ ಹೆಚ್ಚು. ಅಸಮಾಧಾನ ಪಡುವವರಲ್ಲಿ, ಹೀಗಾಗುತ್ತದೆ ಅಂತ ನಮಗೆ ಯಾರೂ ಹೇಳಲೇ ಇಲ್ಲ ಅನ್ನುವವರು ಮತ್ತೆ ಮತ್ತೆ ಸಿಗುತ್ತಾರೆ.

ಹೇಳುವುದು ಈಗ ಕಾನೂನಿನ ವಿಷಯವೂ ಹೌದು. 1995ರಲ್ಲಿ ಸುಪ್ರೀಂ ಕೋರ್ಟು ವೈದ್ಯರ ಸೇವೆಯನ್ನು ಗ್ರಾಹಕ ರಕ್ಷಣಾ ಕಾಯ್ದೆಯೊಳಗೆ ತಂದಿತು. 2008ರ ಸಮೀರಾ ಕೊಹ್ಲಿ ಪ್ರಕರಣದಲ್ಲಿ, ಸಹಿ ಹಾಕಿಸಿಕೊಂಡರೆ ಸಾಲದು, ಚಿಕಿತ್ಸೆ ಏನು, ಅದರ ಅಪಾಯ ಏನು, ಬೇರೆ ದಾರಿ ಏನು ಎಂದು ರೋಗಿಗೆ ಸಾಕಷ್ಟು ತಿಳಿಸಿರಬೇಕು ಎಂದಿತು. 540 ಪಣದ ಜಾಗಕ್ಕೆ ಬಂದದ್ದು ಇದು.

ಆದರೆ ಯಾವ ಮಾತಿನಲ್ಲಿ ತಿಳಿಸುವುದು? ಸೊಸೆ ಸಹಿ ಹಾಕಿದ ಫಾರಂ ನಾನು ನೋಡಿದೆ. ಇಂಗ್ಲಿಷಿನ ಕೆಳಗೆ ಕನ್ನಡವೂ ಇದೆ, ಅಷ್ಟರಮಟ್ಟಿಗೆ ಸಂತೋಷ. ಅದರಲ್ಲಿ 'ಸಂವೇದನಾಹೀನತೆ' ಉಂಟಾಗಬಹುದು ಅಂತ ಬರೆದಿದೆ. ಕನ್ನಡ ಮೀಡಿಯಂನಲ್ಲಿ ಓದಿದ ಹುಡುಗಿ ಅದನ್ನು ಓದಿ, ಮನಸ್ಸಿಗೆ ಏನೋ ಬೇಜಾರು ಆಗುತ್ತದೆ ಅಂದುಕೊಂಡಳಂತೆ! ಬೆಂಗಳೂರು ಕಡೆಯವರು ಮರಗಟ್ಟಿದೆ, ಜೋಮು ಹಿಡಿದಿದೆ ಅನ್ನುತ್ತಾರೆ. ಬೀದರ್ ಜಿಲ್ಲೆಯಲ್ಲಿ ಕನ್ನಡ, ಉರ್ದು, ಮರಾಠಿ, ತೆಲುಗು ಕಲಸಿಕೊಂಡಿವೆ, ಇಲ್ಲಿ ಎಲ್ಲರಿಗೂ ತಿಳಿಯುವುದು 'ಸುನ್ನ'. ಬಸವಕಲ್ಯಾಣದ ಬಸ್ ಸ್ಟ್ಯಾಂಡಿನಲ್ಲಿ ಯಾರನ್ನು ಬೇಕಾದರೂ ಕೇಳಿ, ಸುನ್ನ ಅಂದರೆ ಗೊತ್ತು.

ನಮ್ಮ ಹುಮನಾಬಾದಿನಲ್ಲೇ ಒಂದು ದಂತ ವೈದ್ಯಕೀಯ ಕಾಲೇಜು ಇದೆ. ರಾಜ್ಯದ ಮೊದಲ ಸರಕಾರಿ ದಂತ ಕಾಲೇಜು ಬೆಂಗಳೂರಿನಲ್ಲಿ ಶುರುವಾದದ್ದು 1958ರಲ್ಲಿ, ಅಂದರೆ ಬೀದರ್ ಜಿಲ್ಲೆ ಹೈದರಾಬಾದ್ ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿದ ಎರಡು ವರ್ಷಕ್ಕೆ. ಅಲ್ಲಿಂದ ಇಲ್ಲಿಯವರೆಗೆ ಈ ವಿದ್ಯೆ ಹರಡಿ ಬಂದಿದೆ. ಇಲ್ಲಿ ಕಲಿಯುವ ಹುಡುಗ ಹುಡುಗಿಯರಲ್ಲಿ ಯಾರಾದರೂ ಇದನ್ನು ಓದಿದರೆ ಒಂದು ಕೋರಿಕೆ: ಇಂಥ ಫಾರಂಗೆ ಇಲ್ಲಿಯ ಮಾತಿನಲ್ಲಿ ನಾಲ್ಕು ಸಾಲು ಬರೆಯಿರಿ. ಎಲ್ಲಿ ಸುನ್ನ ಆಗುತ್ತದೆ, ಎಷ್ಟು ದಿನ, ಯಾವುದು ಮರಳುತ್ತದೆ, ಯಾವುದು ಮರಳದೆಯೂ ಇರಬಹುದು. ಅವ್ವನಂಥವರಿಗೆ ಇನ್ನೊಂದು ಸಾಲು, ಇದು ಆ ರೋಗ ಅಲ್ಲ ಅಂತ.

ಸೊಸೆಗೆ ಈಗ ಹದಿನಾಲ್ಕು ತಿಂಗಳು. ಡಾಕ್ಟರು ಕಣ್ಣು ಮುಚ್ಚಿಸಿ ಹತ್ತಿಯ ಎಳೆ ತಾಗಿಸಿ ನೋಡುತ್ತಾರೆ, ಆಮೇಲೆ ಎರಡು ಮೊನೆ ಹತ್ತಿರ ಹತ್ತಿರ ಇಟ್ಟು ಒಂದೋ ಎರಡೋ ಅಂತ ಕೇಳುತ್ತಾರೆ. (ಈ ಎರಡು ಮೊನೆಯ ಪರೀಕ್ಷೆ ಜರ್ಮನಿಯ ವೇಬರ್ 1834ರ ಹೊತ್ತಿಗೆ ಬರೆದಿಟ್ಟದ್ದು, ಇನ್ನೂ ನಡೆದಿದೆ.) ಕೆನ್ನೆ ಎರಡೂ ಕಡೆ ಬಂದಿದೆ, ತುಟಿಯೂ ಬಂದಿದೆ. ಎಡಗಡೆ ಮೇಲಿನ ಒಸಡು ಮಾತ್ರ ಇನ್ನೂ ಸುನ್ನವೇ, ಬ್ರಶ್ ತಾಗಿದ್ದು ಗೊತ್ತಾಗುವುದಿಲ್ಲವಂತೆ. ಅದರ ಬಗ್ಗೆ ಬೇಸರವಿದೆಯೇ ಅಂತ ಕೇಳಿದೆ. "ಅದ ಬಿಡ್ರಿ ಮಾಮಾ, ಅದು ಯಾರಿಗೂ ಕಾಣಂಗಿಲ್ಲ" ಅಂದಳು. ಸ್ವಲ್ಪ ಹೊತ್ತು ಬಿಟ್ಟು, "ನನಗ ಮಾತ್ರ ಗೊತ್ತಾಗ್ತದ" ಅಂದಳು.